ತಣ್ಣಗಿದ್ದಾಗ ಬಿಗಿಯುವ ಎಂಜಿನ್

‘ಆಗೂದಿಲ್ಲ’ ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಮಲ್ಲಪ್ಪ. ಹುನಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಅವನದು. ನಾನು ಪಿಯುಸಿ ಪಾಸಾದಾಗ ಇಳಕಲ್ಲಿನ ನಮ್ಮ ಮನೆಗೆ ಬಂದು, ನಾನೇ ಕೊಟ್ಟ ಪೇಡೆಯನ್ನು ಬಾಯಲ್ಲಿಟ್ಟುಕೊಂಡು ಹೇಳಿದ:

“ಎಂಜಿನಿಯರಿಂಗ್ ಓದ್ತಾಳಂತ! ಅಪ್ಪ ನೋಡಿದ್ರ ಕಲ್ಲಿಗೆ ಪಾಲಿಶ್ ಹೊಡಿಯಾಂವ. ಅವ್ವ, ನನ್ನ ಸ್ವಂತ ಅಕ್ಕ, ಹೆಬ್ಬಟ್ಟು. ಅದರಾಗ ಹೆಣ್ಣಹುಡುಗಿ, ಅದೂ ಮೆಕ್ಯಾನಿಕಲ್. ಆಗೂದಿಲ್ಲ ಬಿಡ.”

“ನೀ ಮೊದಲ ಪೇಡೆ ನುಂಗು. ಗಂಟಲಾಗ ಸಿಕ್ಕೊಂಡೀತು,” ಎಂದಳು ಅವ್ವ.

ಎರಡನೆಯವರು ಮುಂದೆ ನಾನು ಕೆಲಸಕ್ಕೆ ಸೇರಿದ ಕಾಲೇಜಿನ ವಿಭಾಗದ ಮುಖ್ಯಸ್ಥರು. ಅವರ ಹೆಸರು ಬರೆಯುವುದಿಲ್ಲ. ಅವರು ನನ್ನ ಹೆಸರು ಬರೆಯಲಿಲ್ಲ, ಅಲ್ಲಿಗೆ ಸರಿಹೋಯಿತು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಇರಲಿ. ಮೂರನೆಯವರು ಒಬ್ಬ ನಿರ್ಣಾಯಕರು. ಅವರ ಸರದಿ ಮುಂದೆ ಬರುತ್ತದೆ.

ನಾನು ಬಿ.ಇ. ಮುಗಿಸಿದೆ. ನಮ್ಮ ವಂಶದಲ್ಲಿ ಪದವಿಯ ಕಾಗದ ಮನೆಗೆ ತಂದ ಮೊದಲನೆಯವಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಾಗಲಕೋಟೆಯ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಇನ್‌ಸ್ಟ್ರಕ್ಟರ್ ಆಗಿ ಸೇರಿದೆ, ವಿದ್ಯಾಗಿರಿಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದೆ. ಪದವಿ ಇದ್ದರೂ ಹುದ್ದೆ ‘ಬೋಧಕೇತರ ಸಿಬ್ಬಂದಿ’ ಎಂಬ ಸಾಲಿನದು. ಆ ಒಂದು ಪದ ಮುಂದೆ ನನ್ನನ್ನು ಎಷ್ಟು ಸುಟ್ಟಿತು ಎನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಬರೆಯುವಂಥದ್ದು ಇರಲೂ ಇಲ್ಲ.

ಈಗ ವರ್ಕ್‌ಶಾಪಿಗೆ ಸೇರುವ ಹುಡುಗ ಹುಡುಗಿಯರು ‘ಗ್ಲೋ ಎಂಜಿನ್’ ಎಂದರೆ ಮುಖ ಮುಖ ನೋಡುತ್ತಾರೆ. ಅವರ ಮಾದರಿ ವಿಮಾನಗಳೆಲ್ಲ ಬ್ಯಾಟರಿಯವು. ಆದ್ದರಿಂದ ಮೊದಲು ಇದನ್ನು ಹೇಳಬೇಕು. ಸ್ಪರ್ಧೆಯ ಮಾದರಿ ವಿಮಾನಕ್ಕೆ ನಾವು ಹಾಕುತ್ತಿದ್ದದ್ದು ಎರಡೂವರೆ ಸಿಸಿಯ ಎಂಜಿನ್. ಮುಷ್ಟಿಯಲ್ಲಿ ಹಿಡಿದರೆ ಹೊರಗಿನವರಿಗೆ ಕಾಣಿಸದು. ಅದಕ್ಕೆ ಪೆಟ್ರೋಲೂ ಇಲ್ಲ, ಕಿಡಿ ಹಾರಿಸುವ ಪ್ಲಗ್ಗೂ ಇಲ್ಲ. ಮೆಥನಾಲ್‌ಗೆ ಔಡಲೆಣ್ಣೆ ಬೆರೆಸಿದರೆ ಇಂಧನ. ಇದರದು ಗ್ಲೋ ಪ್ಲಗ್, ಅದರೊಳಗೆ ಕೂದಲಿನಂಥ ಪ್ಲಾಟಿನಂ ತಂತಿಯ ಸುರುಳಿ. ಒಮ್ಮೆ ಬ್ಯಾಟರಿ ಹಚ್ಚಿ ಆ ಸುರುಳಿಯನ್ನು ಕೆಂಪಗೆ ಮಾಡಿ ಎಂಜಿನ್ ಚಾಲೂ ಮಾಡಿದರೆ, ಆಮೇಲೆ ಬ್ಯಾಟರಿ ತೆಗೆದರೂ ಅದು ತನ್ನ ಕಾವಿನಲ್ಲೇ ಕೆಂಪಗಿದ್ದು ಉರಿಸುತ್ತ ಹೋಗುತ್ತದೆ. ಮೋಟರ್‌ಸೈಕಲ್ಲಿನ ಎಂಜಿನ್ ಕೂಗಿ ಸಾಯುವ ವೇಗದಲ್ಲಿ ಇದಕ್ಕೆ ಇನ್ನೂ ನಿದ್ದೆ. ‘ಆಟಿಕೆ’ ಎಂದು ಯಾರಾದರೂ ಅಂದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಕೂದಲೆಳೆಯನ್ನು ಉದ್ದಕ್ಕೆ ಹತ್ತಾಗಿ ಸೀಳಿದರೆ ಅದರಲ್ಲೊಂದು ಸೀಳಿನಷ್ಟು ತಪ್ಪಿದರೂ ಓಡದ ವಸ್ತು ಆಟಿಕೆಯಂತೆ!

ಕಾಲೇಜಿನಲ್ಲಿ ಮಾದರಿ ವಿಮಾನದ ಒಂದು ಬಳಗವಿತ್ತು. ಹಾರಿಸುವವನು ರಫೀಕ್. ಬಾದಾಮಿಯವನು, ನಮ್ಮಲ್ಲೇ ಲೇತ್ ನಡೆಸುತ್ತಿದ್ದ. ನನಗಿಂತ ಬಹಳ ಚಿಕ್ಕವನು. ಬಳಗಕ್ಕೆ ತರಿಸಿದ್ದ ಹೊರದೇಶದ ಎಂಜಿನ್ ನಮ್ಮ ಊರಿನ ಧೂಳು ತಿಂದು ಸತ್ತಿತು. ಬಿಚ್ಚಿ ನೋಡಿದೆ. ನಾವೇ ಏಕೆ ಮಾಡಬಾರದು ಎಂದು ಕೇಳಲು ಸಾಹೇಬರ ಕೋಣೆಗೆ ಹೋದೆ.

ಅವರು ಕಡತದಿಂದ ತಲೆ ಎತ್ತದೆಯೇ ಹೇಳಿದರು. “ಇನ್‌ಸ್ಟ್ರಕ್ಟರ್ ಕೆಲಸ ಇನ್‌ಸ್ಟ್ರಕ್ಟರ್ ಮಾಡಬೇಕ್ರಿ. ಹೊರದೇಶದಾಗ ಮಾಡೂದು ಬಾಗಲಕ್ವಾಟ್ಯಾಗ ಆಗೂದಿಲ್ಲ. ವೇಳೆ ಉಳದ್ರ ಸ್ಟೋರಿನ ಫೈಲ್ ತಿಕ್ಕ್ರಿ, ಜಂಗ್ ಹಿಡದಾವ.”

ಅವರು ಅಂದದ್ದು ಕಾಗದದ ಫೈಲಲ್ಲ, ಕಬ್ಬಿಣ ಉಜ್ಜುವ ಅರ. ಹೊರಗೆ ನಿಂತಿದ್ದ ರಫೀಕ್ ಕೇಳಿದ, “ಏನಂದ್ರು ಅಕ್ಕಾರ?”

“ಫೈಲ್ ತಿಕ್ಕು ಅಂದ್ರು.”

“ಹಂಗಾರ ತಿಕ್ಕೂಣ. ಫೈಲ್ ಬ್ಯಾಡ, ಸಿಲಿಂಡರ್ ತಿಕ್ಕೂಣ.”

ತಿಕ್ಕಿದೆವು. ವರ್ಕ್‌ಶಾಪ್ ಬಿಟ್ಟ ಮೇಲೆ, ರವಿವಾರ, ಹಬ್ಬದ ರಜೆಗಳಲ್ಲಿ. ಹಿತ್ತಾಳೆಯ ಸಿಲಿಂಡರ್ ಕೊಳವೆ, ಅದರ ಒಳಮೈಗೆ ಕ್ರೋಮ್ ಲೇಪ, ಅದರೊಳಗೆ ಅಲ್ಯೂಮಿನಿಯಂ ಪಿಸ್ಟನ್. ಇಲ್ಲಿ ಒಂದು ಸುಳ್ಳನ್ನು ಕಿತ್ತೆಸೆಯಬೇಕು. ಮುಂದೆ ಒಬ್ಬ ವರದಿಗಾರರು ಬಂದು, ‘ಕಲ್ಲಿನ ಕಾರ್ಖಾನೆಯ ಅಪ್ಪ ಕೊಟ್ಟ ಪಾಲಿಶ್ ಪುಡಿಯೇ ಮಗಳ ಗುಟ್ಟು’ ಎಂದು ಬರೆದರು. ಓದಿದವರು ಕಣ್ಣೀರು ಹಾಕಿದರಂತೆ. ನಡೆದದ್ದು ಬೇರೆ. ಆ ಪುಡಿ ನಮ್ಮ ಮೊದಲ ದೊಡ್ಡ ಪೆಟ್ಟು. ಇಳಕಲ್ಲಿನ ಕೆಂಪು ಕಲ್ಲನ್ನು ಕನ್ನಡಿ ಮಾಡುವ ಪುಡಿ ಹಿತ್ತಾಳೆಯನ್ನೂ ಕನ್ನಡಿ ಮಾಡೀತು ಎಂದು ಅಪ್ಪನ ಕಾರ್ಖಾನೆಯಿಂದ ಒಂದು ಪೊಟ್ಟಣ ತಂದೆವು. ಕನ್ನಡಿಯೇನೋ ಆಯಿತು. ಆದರೆ ಪುಡಿಯ ಕಣಗಳು ಮೆತ್ತನೆಯ ಹಿತ್ತಾಳೆಯೊಳಗೆ ಮುಳ್ಳಿನ ಹಾಗೆ ನೆಟ್ಟುಕೊಂಡವು. ಕ್ರೋಮ್ ಲೇಪ ಅವುಗಳ ಮೇಲೆ ಹಿಡಿಯಲಿಲ್ಲ, ಎಂಜಿನ್ ಓಡಿದಷ್ಟೂ ಪಿಸ್ಟನ್ನನ್ನು ಕೆರೆದು ತಿಂದವು. ಅಪ್ಪ ಆ ಪಿಸ್ಟನ್ ನೋಡಿ, “ಕಲ್ಲಿನ ಪುಡಿ ಕಲ್ಲಿಗವ್ವಾ. ನನ್ನ ಕೇಳಿದ್ರ ಹೇಳ್ತಿದ್ನೆಲ್ಲ,” ಎಂದ. “ಹೇಳ್ತಿದ್ದಿ ಏನು?” ಎಂದರೆ, “ನನಗೇನ್ ಗೊತ್ತು ಅಂತ ಹೇಳ್ತಿದ್ದೆ,” ಎಂದು ನಕ್ಕ. ಕೆಟ್ಟ ಆ ಪಿಸ್ಟನ್ನನ್ನು ಒಂದು ಹಾಲಿನ ಪುಡಿಯ ಡಬ್ಬಿಗೆ ಹಾಕಿದೆ. ಅಂದಿನಿಂದ ಕೆಟ್ಟದ್ದೆಲ್ಲ ಆ ಡಬ್ಬಿಗೆ.

ಎಣ್ಣೆಯ ಪ್ರಸಂಗ ಇದಕ್ಕಿಂತ ಹೊಟ್ಟೆ ಉರಿಸುವಂಥದು. ಬೇವೂರಿನ ಒಬ್ಬ ಗಾಣದವರಿಂದ ನಾನು ಔಡಲೆಣ್ಣೆ ತರುತ್ತಿದ್ದೆ. ಅಂಟು ನೋಡಿ, ವಾಸನೆ ನೋಡಿ. ನಾವು ಮಾಡಿದ ಒಂದು ಎಂಜಿನ್ ಓಡಿ ಬಳಗಕ್ಕೆ ಒಂದಿಷ್ಟು ಹೆಸರು ಬಂದ ಮೇಲೆ ಸಾಹೇಬರು ಖರೀದಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಕಡಿಮೆ ದರ ಹೇಳಿದ ಅಂಗಡಿಯಿಂದ ಒಂದು ಡಬ್ಬ ಬಂತು. ಮೆಥನಾಲ್‌ಗೆ ಸುರಿದು ಬಾಟಲಿ ಅಲುಗಾಡಿಸಿ ಮೇಜಿನ ಮೇಲಿಟ್ಟರೆ ನಿಧಾನವಾಗಿ ಎರಡು ಪದರವಾಯಿತು. ಖರೆ ಔಡಲೆಣ್ಣೆ ಮೆಥನಾಲ್‌ನಲ್ಲಿ ಕರಗುತ್ತದೆ, ಶೇಂಗಾ ಎಣ್ಣೆ ಕರಗುವುದಿಲ್ಲ. ಔಡಲಕ್ಕೆ ಶೇಂಗಾ ಬೆರೆಸಿದ್ದಾರೆ ಎಂದು ನಾನು ಬಾಟಲಿ ಸಮೇತ ಸಾಹೇಬರ ಮುಂದೆ ನಿಂತೆ.

“ಚಲೋತ್ನಂಗ ಅಲ್ಲಾಡಸ್ರಿ,” ಎಂದರು.

“ಅಲ್ಲಾಡಿಸಿದ್ದು ಮತ್ತ ಬ್ಯಾರೆ ಆಗ್ತದ್ರಿ. ಎಂಜಿನ್ನಿಗೆ ಬರೇ ಮೆಥನಾಲ್ ಹೋದ್ರ ಒಣಾ ತಿರಗಿ ಹಿಡಕೊಳ್ತದ.”

“ನೀವು ಹಾರಿಸೂ ಮುಂದ ಅಲ್ಲಾಡಸ್ಕೋತ ಇರ್ರಿ.”

ಹಾರುವ ವಿಮಾನದ ಟ್ಯಾಂಕನ್ನು ಅಲ್ಲಾಡಿಸುತ್ತ ಇರಬೇಕಂತೆ! ಮರುವಾರ ನಾನಿಲ್ಲದಾಗ ಅದೇ ಇಂಧನದಲ್ಲಿ ಅತಿಥಿಗಳಿಗೆ ಎಂಜಿನ್ ಓಡಿಸಿ ತೋರಿಸಿದರು. ಅದು ಕಿರ್ರೆಂದು ಹಿಡಿದುಕೊಂಡಿತು. ವರದಿಯಲ್ಲಿ ಬರೆದದ್ದು ‘ಸಿಬ್ಬಂದಿಯ ಅಜಾಗರೂಕತೆ’. ಎಣ್ಣೆಯ ಹೆಸರೇ ಇಲ್ಲ. ಅದೂ ಡಬ್ಬಿಗೆ ಹೋಯಿತು.

ಹೊಸಬರಿಗೆ ನಡುವೆ ಒಂದು ಮಾತು. ಮೆಥನಾಲ್‌ನ ಜ್ವಾಲೆ ನಮ್ಮ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಒಂದು ಮಧ್ಯಾಹ್ನ ರಫೀಕ್ ಸುಮ್ಮನೆ ಕುಣಿಯತೊಡಗಿದ. ನಾವು ಚಪ್ಪಾಳೆ ತಟ್ಟಿ ನಕ್ಕೆವು. ಅವನ ಅಂಗಿಯ ತೋಳು ಕರ್ರಗಾದಾಗಲೇ ಬೆಂಕಿ ಹತ್ತಿದೆ ಎಂದು ಗೊತ್ತಾದದ್ದು. ನೀರಿನ ಕೊಡ ಪಕ್ಕದಲ್ಲಿಲ್ಲದೆ ಈ ಇಂಧನದ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಜಾತಿಯ ಎಂಜಿನ್ನಿನ ಕೊಳವೆ ನೆಟ್ಟಗೆ ಇರುವುದಿಲ್ಲ, ಇರಬಾರದು. ಮೇಲುಭಾಗ ತುಸು ಕಿರಿದು. ತಣ್ಣಗಿದ್ದಾಗ ಕೈಯಿಂದ ತಿರುಗಿಸಿದರೆ ಪಿಸ್ಟನ್ ಮೇಲೆ ಹೋಗಿ ಕೀಂಕ್ ಎಂದು ಬಿಗಿಯುತ್ತದೆ. ಓಡುವಾಗ ಬೆಂಕಿ ಇರುವುದು ಮೇಲುಭಾಗದಲ್ಲಿ. ಅಲ್ಲಿ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಕಿರಿದಾದದ್ದು ಸರಿಹೋಗುತ್ತದೆ, ಪಿಸ್ಟನ್ ಸಲೀಸಾಗಿ ಓಡುತ್ತದೆ. ತಣ್ಣಗಿನ ಬಿಗಿತವೇ ಅದರ ಜೀವ. ಆ ಕಿರಿದನ್ನು ತರಲು ನಾನು ಒಂದು ಇಡೀ ಬೇಸಿಗೆ ಕೈಯಲ್ಲೇ ಉಜ್ಜಿ ಉಜ್ಜಿ ಒಂದು ಕೊಳವೆ ಮಾಡಿದ್ದೆ.

ಅವ್ವನ ಕಣ್ಣಿನ ಆಪರೇಶನ್ನಿಗೆ ರಜೆ ಹಾಕಿ ದವಾಖಾನೆಯಲ್ಲಿ ಕೂತಿದ್ದಾಗ ಕಾಲೇಜಿಗೆ ತಪಾಸಣೆಯವರು ಬರುವ ಸುದ್ದಿ ಬಂತು. ಸಾಹೇಬರು ನನ್ನ ಎಂಜಿನ್ ತಿರುಗಿಸಿ ನೋಡಿದರು. ಮೇಲೆ ಬಿಗಿಯಿತು. ಹೊರಗಿನವರ ಮುಂದೆ ಜಾಮ್ ಆದ ಎಂಜಿನ್ ಇಟ್ಟರೆ ವಿಭಾಗದ ಮಾನ ಏನಾದೀತು ಎಂದು, ಯಂತ್ರಕ್ಕೆ ಹಾಕಿ ಕೊಳವೆಯನ್ನು ಮೇಲಿಂದ ಕೆಳಗಿನವರೆಗೆ ನೆಟ್ಟಗೆ ಮಾಡಿಸಿಬಿಟ್ಟರು. ರಫೀಕ್ ಬೇಡ ಬೇಡ ಎಂದನಂತೆ. “ಲೇತ್ ನೋಡ್ಕೋ ನೀ” ಎಂದರಂತೆ.

ನಾನು ವಾಪಸು ಬಂದಾಗ ಎಂಜಿನ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ತಪಾಸಣೆಯವರು ಅದನ್ನು ಮೆಚ್ಚಿಯೂ ಹೋಗಿದ್ದರು. ಚಾಲೂ ಮಾಡಿದರೆ ಬಿಸಿಯಾಗುತ್ತಲೇ ಉಸಿರು ಬಿಟ್ಟು ಸತ್ತಿತು, ಒತ್ತಡವೇ ನಿಲ್ಲಲಿಲ್ಲ. ಆ ದಿನ ನಾನು ಸಾಹೇಬರ ಕೋಣೆಯಲ್ಲಿ ಕೂಗಾಡಿದೆ. ಕೂಗಾಡಿದ್ದಕ್ಕೆ ನೋಟೀಸು ಬಂತು. ಕೊಳವೆ ಹಾಳುಮಾಡಿದ್ದಕ್ಕೆ ಯಾರಿಗೂ ಯಾವ ನೋಟೀಸೂ ಬರಲಿಲ್ಲ.

ಮನೆಯಲ್ಲಿ ಅವ್ವ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ನನ್ನ ಸಿಟ್ಟು ಕೇಳಿ ಏನಾಯಿತು ಎಂದು ಕೆದಕಿದಳು. ಹೇಳಿದೆ. ಅವಳು ಅಂದಳು, “ತಣ್ಣಗಿನ ಹಂಚಿನ ಮ್ಯಾಲ ರೊಟ್ಟಿ ಹಾಕಿದ್ರ ಹತ್ತಿಕೊಳ್ತದ. ಹಂಚು ಕಾದ್ರ ತಾನ ಬಿಡ್ತದ. ಅದಕ್ಕಂತ ಯಾರರ ಹಂಚು ತಿಕ್ಕಿ ಸವಸ್ತಾರೇನ?”

“ನಮ್ಮ ಸಾಹೇಬರು ಸವಸ್ತಾರವ್ವ.”

“ಹಂಗಾರ ಅವರ ಮನ್ಯಾಗ ರೊಟ್ಟಿ ಯಾರು ಮಾಡ್ತಾರ ಕೇಳು.”

ಇನ್ನೊಂದು ಕೊಳವೆ ಮಾಡಿದೆ. ಈ ಸಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಒಯ್ಯುತ್ತಿದ್ದೆ.

ಬಾಗಲಕೋಟೆಯಲ್ಲೇ ಆ ವರ್ಷ ಮಾದರಿ ವಿಮಾನಗಳ ದೊಡ್ಡ ಸ್ಪರ್ಧೆ ನಡೆಯಿತು. ನಮ್ಮದು ವೇಗದ ವಿಭಾಗ. ವಿಮಾನಕ್ಕೆ ಎರಡು ಸಣ್ಣ ಉಕ್ಕಿನ ತಂತಿ ಕಟ್ಟಿ, ಹಾರಿಸುವವನು ನಡುವೆ ಕಂಬದ ಬಳಿ ನಿಂತು ಹಿಡಿದಿರುತ್ತಾನೆ, ಅದು ಸುತ್ತ ಹಾರುತ್ತದೆ. ಇಷ್ಟು ಸುತ್ತು ಎಷ್ಟು ಬೇಗ, ಅಷ್ಟೇ ಲೆಕ್ಕ. ಎಂಜಿನ್ ಸ್ವಂತ ತಯಾರಿಕೆಯದಾದರೆ ಅದಕ್ಕೆ ಬೇರೆ ಮನ್ನಣೆ, ಪ್ರಮಾಣಪತ್ರದಲ್ಲಿ ತಯಾರಿಸಿದವರ ಹೆಸರು ಬರುತ್ತದೆ ಎಂಬ ನಿಯಮವಿತ್ತು. ನಾನು ಅಷ್ಟು ಬೇಸಿಗೆಗಳನ್ನು ಕಳೆದದ್ದು ಆ ಒಂದು ಸಾಲಿಗಾಗಿ. ನಮ್ಮಪ್ಪನ ಹೆಸರು ಅವನು ಹೊಳಪು ಕೊಟ್ಟ ಯಾವ ಕಲ್ಲಿನ ಮೇಲೂ ಇಲ್ಲ. ನನ್ನದಾದರೂ ಇರಲಿ ಎಂಬ ಹಟ.

ಹಾರಾಟಕ್ಕೆ ಮೊದಲು ನಿರ್ಣಾಯಕರು ಎಂಜಿನ್ ತಿರುಗಿಸಿ ನೋಡಿದರು. ಬೆಂಗಳೂರಿನ ಕಡೆಯವರು, ಮೃದು ಮಾತು.

“ಇದು ಜಾಮ್ ಆಗಿದೆಯಲ್ಲಮ್ಮಾ. ಇದನ್ನು ಹಾರಿಸಲು ಬಿಡುವುದಕ್ಕಾಗುವುದಿಲ್ಲ.”

“ಜಾಮ್ ಅಲ್ರಿ, ಅದು ಇರೂದ ಹಂಗ. ಕಾದ್ರ ಬಿಡ್ತದ.”

“ನಿಮ್ಮ ಸರದಿ ಬರುವಷ್ಟರಲ್ಲಿ ಸರಾಗವಾಗಿ ತಿರುಗಿದರೆ ನೋಡೋಣ. ಇಲ್ಲದಿದ್ದರೆ ರದ್ದು.”

ಬಿಸಿ ಮಾಡುವ ಯಂತ್ರವನ್ನು ತಂದಿದ್ದೆವು. ಕರೆಂಟ್ ಹೋಗಿತ್ತು. ಮೈದಾನದ ಅಂಚಿಗೆ ಧ್ವಜದ ಕಟ್ಟೆಯಿತ್ತು. ಮೇಲೆ ಹಾಸಿದ್ದು ನಮ್ಮೂರಿನದೇ ಕೆಂಪು ಕಲ್ಲು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲು ಇಟ್ಟವರು ಎರಡನೆಯ ಸಲ ಇಡುವುದಿಲ್ಲ. ಎಂಜಿನ್ನಿನ ತಲೆ ಕಲ್ಲಿಗೆ ತಾಗುವಂತೆ ಮಲಗಿಸಿ, ಮೇಲೆ ರಫೀಕನ ಕರಿ ಟೊಪ್ಪಿಗೆ ಬೋರಲು ಹಾಕಿದೆ.

“ಅಕ್ಕಾರ, ನನ್ನ ತಲಿ ಸುಡಾಕತ್ತೈತಿ,” ಎಂದ ರಫೀಕ್.

“ಸುಡ್ಲಿ. ನಿನ್ನ ತಲ್ಯಾಗ ಪಿಸ್ಟನ್ ಇಲ್ಲ.”

ನಮ್ಮ ಹಿಂದಿನ ತಂಡದ ವಿಮಾನ ಇಳಿಯಿತು. ಹೆಸರು ಕೂಗಿದರು. ಮತ್ತೊಮ್ಮೆ ಕೂಗಿದರು. ಟೊಪ್ಪಿಗೆ ತೆಗೆದು, ಕಾದ ಎಂಜಿನ್ನನ್ನು ಸೆರಗಿನಲ್ಲಿ ಹಿಡಿದು ಓಡಿ, ನಿರ್ಣಾಯಕರ ಮುಂದೆ ಪಂಖ ತಿರುಗಿಸಿದೆ. ಮೇಲೆ ತುಸು ತಡೆದು, ಬಿಟ್ಟಿತು. ಇನ್ನೊಮ್ಮೆ ತಿರುಗಿಸಿದೆ. ಬಿಟ್ಟಿತು. ಹಾರಿಸಿ ಎಂದು ಅವರು ಕೈ ಸನ್ನೆ ಮಾಡಿದರು.

ಆ ಹಾರಾಟದ ಸದ್ದನ್ನು ನಾನು ಬರೆಯಲಾರೆ. ಮೊದಲು ಕಣಜದ ಗುಂಯ್, ಆಮೇಲೆ ಅದು ಏರಿ ಏರಿ, ಹಲ್ಲಿನ ಬುಡಕ್ಕೆ ಹತ್ತುವ ಒಂದೇ ಎಳೆಯ ಸ್ವರ. ಕಂಬದ ಬಳಿ ರಫೀಕ್ ಗಿರಗಿರ ತಿರುಗುತ್ತಿದ್ದ. ವಿಮಾನ ಕಾಣುತ್ತಿರಲಿಲ್ಲ, ಅದರ ನೆರಳು ಮಾತ್ರ ನೆಲದ ಮೇಲೆ ಓಡುತ್ತಿತ್ತು. ನಾವು ಮೊದಲಿಗರಾದೆವು.

ಅದಾದ ಕೂಡಲೇ ಅದೇ ನಿರ್ಣಾಯಕರು ಬಂದರು. “ಎಂಜಿನ್ ಚೆನ್ನಾಗಿದೆ. ಆದರೆ ಇಂಥದ್ದು ಇಲ್ಲಿ ತಯಾರಾಗುವುದು ಸಾಧ್ಯವಿಲ್ಲ. ಹೊರದೇಶದ್ದಕ್ಕೆ ಹೆಸರು ಅಳಿಸಿ ತಂದಿದ್ದೀರಿ.”

ಎಷ್ಟು ಸುಲಭವಾಗಿ ಅಂದರು! ಜಾಮ್ ಆಗಿದ್ದಾಗ ಅದು ನಮ್ಮದು. ಗೆದ್ದ ಕೂಡಲೇ ಹೊರದೇಶದ್ದು.  ಚೀಲದಿಂದ ಹಾಲಿನ ಪುಡಿಯ ಡಬ್ಬಿ ತೆಗೆದು ಅವರ ಮೇಜಿನ ಮೇಲೆ ಬೋರಲು ಹಾಕಿದೆ. ಕೆರೆದು ಹೋದ ಪಿಸ್ಟನ್‌ಗಳು, ಲೇಪ ಎದ್ದ ಕೊಳವೆಗಳು, ಶೇಂಗಾ ಎಣ್ಣೆಗೆ ಹಿಡಿದುಕೊಂಡದ್ದು, ಸಾಹೇಬರು ನೆಟ್ಟಗೆ ಮಾಡಿಸಿದ್ದು, ಎಲ್ಲ ಖಣಖಣ ಎಂದು ಉರುಳಿದವು.

“ಕೊಂಡು ತಂದವರ ಹಂತ್ಯಾಕ ಕೆಟ್ಟದ್ದು ಇರೂದಿಲ್ರಿ,” ಎಂದೆ. “ಮಾಡಿದವರ ಹಂತ್ಯಾಕ ಇರ್ತದ.”

ಅವರು ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, “ತಪ್ಪು ತಿಳಿದೆ ತಾಯಿ. ಎಂಜಿನ್ ನಿಮ್ಮದೇ,” ಎಂದರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಸಂಶಯ ಪಟ್ಟರು, ನೋಡಿದರು, ಒಪ್ಪಿದರು.

ಸಿಟ್ಟು ಉಳಿದದ್ದು ನಮ್ಮವರ ಮೇಲೆ. ತಯಾರಿಸಿದವರ ಹೆಸರನ್ನು ಕಾಲೇಜೇ ಬರೆದು ಕೊಡಬೇಕಿತ್ತು. ಸಂಜೆ ಶಾಮಿಯಾನದಲ್ಲಿ ಪ್ರಮಾಣಪತ್ರ ನನ್ನ ಕೈಗೆ ಬಂದಾಗ ಆ ಸಾಲಿನಲ್ಲಿ ಇದ್ದದ್ದು ಸಾಹೇಬರ ಹೆಸರು, ಅವರ ಪದವಿಗಳ ಸಮೇತ. ಅಲ್ಲಿಯೇ ಕೇಳಿದೆ.

“ಬೋಧಕೇತರ ಸಿಬ್ಬಂದಿ ಹೆಸರು ಹಾಕೂ ಪದ್ಧತಿ ಇಲ್ರಿ,” ಎಂದರು, ಹಾರ ಸರಿಮಾಡಿಕೊಳ್ಳುತ್ತ. “ವಿಭಾಗದ್ದು ಅಂದ್ರ ನಿಮ್ಮದೂ ಬಂದಂಗ ಅಲ್ಲೇನು?”

“ನೋಟೀಸ್ ಬಂದಾಗ ವಿಭಾಗಕ್ಕ ಬರ್ಲಿಲ್ರಿ. ನನ್ನ ಹೆಸರಿಗೆ ಬಂತು.”

ಅವರು ಆಚೆ ತಿರುಗಿದರು. ನಾನು ಪ್ರಮಾಣಪತ್ರವನ್ನು ಸಂಘಟಕರ ಮೇಜಿನ ಮೇಲೆ ವಾಪಸು ಇಟ್ಟೆ. ಕಾಲೇಜು ಒಂದು ಸಾಲು ಬರೆದು ಕೊಟ್ಟರೆ ತಿದ್ದಿ ಕೊಡುತ್ತೇವೆ ಎಂದರು ಅವರು. ಒಂದು ಸಾಲು! ಆ ಒಂದು ಸಾಲಿಗಾಗಿ ನಾನು ಪ್ರತಿ ವರ್ಷ ಕೇಳಿದೆ. ಸಾಹೇಬರು ನಿವೃತ್ತರಾದರು, ಅವರ ನಂತರದವರು ‘ಹಳೇ ಮಾತು ಯಾಕ್ರಿ’ ಎಂದರು, ಅವರ ನಂತರದವರು ‘ಈಗ ಎಲ್ಲಾ ಬ್ಯಾಟರಿ ಅಲ್ಲೇನ್ರಿ’ ಎಂದರು. ಲೇತ್ ಹೋಗಿ ಕಂಪ್ಯೂಟರ್ ನಡೆಸುವ ಯಂತ್ರಗಳು ಬಂದವು. ನಾನು ಬೇಸಿಗೆಯಿಡೀ ಉಜ್ಜಿದ ಕಿರಿದನ್ನು ಅವು ಒಂದು ಮಧ್ಯಾಹ್ನದಲ್ಲಿ ಕೊರೆಯುತ್ತವೆ, ಸಂತೋಷ. ಆದರೆ ಮಾಡಿದವರ ಹೆಸರಿನ ಜಾಗದಲ್ಲಿ ಬೇರೆಯವರ ಹೆಸರು ಬರೆಯುವ ಕೈ ಮಾತ್ರ ಹಳೆಯದೇ ಇದೆ. ಆದ್ದರಿಂದ ಹೊಸಬರೇ, ಕೆಟ್ಟದ್ದನ್ನು ಎಸೆಯಬೇಡಿ, ಡಬ್ಬಿಯಲ್ಲಿಡಿ. ಚೆನ್ನಾಗಿ ಆದದ್ದರ ಮೇಲೆ ಮೊದಲೇ ಹೆಸರು ಕೆತ್ತಿ.

ನನ್ನ ನಿವೃತ್ತಿ ಹತ್ತಿರ ಬಂದಾಗ ಹೊಸ ಪ್ರಾಂಶುಪಾಲರು ಕರೆದು ಚಹಾ ತರಿಸಿ, “ಬೀಳ್ಕೊಡುಗೆಗೆ ಶಾಲು ಯಾವ ಬಣ್ಣದ್ದು ತರಸೂಣ್ರಿ ಮೇಡಂ?” ಎಂದರು.

“ಶಾಲು ಬ್ಯಾಡ್ರಿ. ನಮ್ಮ ಕಡೆ ಬಿಸಲಾಗ ಶಾಲು ಹೊದ್ದು ಏನ್ ಮಾಡ್ಲಿ? ನನಗ ಒಂದು ಸಾಲು ಬೇಕು,” ಎಂದು ಎಲ್ಲ ಹೇಳಿದೆ.

ಅವರು ರಫೀಕನನ್ನು ಕರೆಸಿ ಕೇಳಿದರು. ಕಾಗದ ತೆಗೆದು, ಎಂಜಿನ್ ತಯಾರಿಸಿದವರು ಇಂಥವರು ಎಂದು ಬರೆದು, ಸಹಿ ಮಾಡಿದರು. ನನ್ನ ಚಹಾ ಇನ್ನೂ ಬಿಸಿಯಾಗಿತ್ತು. ಅವರು ಒಳ್ಳೆಯವರು, ಕೈ ಮುಗಿದೆ. ಆದರೆ ಹೊರಗೆ ಬಂದು ಕಂಬಕ್ಕೆ ಒರಗಿ ಅತ್ತೆ, ಸಂತೋಷಕ್ಕಲ್ಲ. ಚಹಾ ಆರುವಷ್ಟರೊಳಗೆ ಆಗುವ ಕೆಲಸವನ್ನು ನನ್ನ ಅರ್ಧ ಸರ್ವಿಸ್ ಯಾರೂ ಮಾಡಲಿಲ್ಲವಲ್ಲ ಎಂದು. ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ಹೋಗಿಬಿಟ್ಟಿದ್ದರು.

ಬೀಳ್ಕೊಡುಗೆಯ ದಿನ ಮಲ್ಲಪ್ಪ ಮಾವ ಹುನಗುಂದದಿಂದ ಮೊಮ್ಮಗನ ಕಾರಿನಲ್ಲಿ ಬಂದ. ಧೋತರ, ಬಿಳಿ ಟೊಪ್ಪಿಗೆ, ಕೈಯಲ್ಲಿ ಪೇಡೆಯ ಪೊಟ್ಟಣ. ಮುಂದಿನ ಸಾಲಿನಲ್ಲಿ ಕೂತ. ಹಳೆಯ ಸಾಹೇಬರೂ ಬಂದಿದ್ದರು, ಕೊನೆಯ ಸಾಲಿನಲ್ಲಿ.

ಆ ಕಾಗದ ನೋಡಿ ಸಂಘಟಕರು ತಿದ್ದಿ ಕಳಿಸಿದ ಪ್ರಮಾಣಪತ್ರವನ್ನು ಯಾರ ಕೈಯಿಂದ ಕೊಡಿಸೋಣ ಎಂದು ಕೇಳಿದ್ದರು. ರಫೀಕನ ಕೈಯಿಂದ ಎಂದಿದ್ದೆ. ಅವನಿಗೂ ಈಗ ಗಡ್ಡ ಬೆಳ್ಳಗಾಗಿದೆ. ನಮ್ಮ ಸಮಾರಂಭಗಳ ರೂಢಿಯಂತೆ ಕಾಗದವನ್ನು ಅರ್ಧ ಮುಚ್ಚಿ ಹಿಡಿದು, ಫೋಟೋದ ಕಡೆ ಮುಖ ಮಾಡಿ, ಸುಮ್ಮನೆ ನನ್ನ ಕೈಗಿಟ್ಟ. ‘ಎಂಜಿನ್ ವಿನ್ಯಾಸ ಮತ್ತು ತಯಾರಿಕೆ: ಗಿರಿಜಾ ಸಂಗಪ್ಪ ಕಲ್ಲೂರ, ಬಿ.ಇ.’ ಚಪ್ಪಾಳೆ ಶುರುವಾಗುವುದಿತ್ತು.

ಮುಂದಿನ ಸಾಲಿನಲ್ಲಿ ಮಾವ ಕೋಲು ಊರಿ ಎದ್ದು ನಿಂತ. ಇಡೀ ಸಭೆಗೆ ಕೇಳುವ ಹಾಗೆ ಕೂಗಿದ:

“ಸುಮ್ನ ಕೊಡಬ್ಯಾಡ್ರೆಪಾ, ಜೋರಾಗಿ ಓದ್ರಿ! ಆಗೂದಿಲ್ಲ ಅಂದಾಂವ ನಾ ಇಲ್ಲೇ ಅದೇನಿ, ನನಗ ಒಂದು ಕಿವಿ ಕೇಳೂದಿಲ್ಲ.”